ಮಳೆ ನಕ್ಷತ್ರಗಳ ಹಳೆ ಬೆಳಕು

ಕೃಷ್ಣಾ ನದಿಗೆ ಬಸವಸಾಗರ ಜಲಾಶಯ ಕಟ್ಟಿರುವ ಯಾದಗಿರಿ ಜಿಲ್ಲೆಯ ನಾರಾಯಣಪುರದ ಸೀಮೆಯಲ್ಲಿ, ಕಾಲುವೆ ನೀರು ಬಂದ ಮೇಲೂ, ಒಕ್ಕಲಿಗರ ಬಾಯಲ್ಲಿ ಮಳೆಗಳಿಗೆ ರೋಹಿಣಿ, ಮಿರಗ, ಮಘಾ, ಚಿತ್ತಾ, ಸ್ವಾತಿ ಎಂಬ ನಕ್ಷತ್ರಗಳ ಹೆಸರುಗಳೇ ಉಳಿದಿವೆ. ಸೂರ್ಯನು ಯಾವ ನಕ್ಷತ್ರದ ಪಾಲಿನ ಆಕಾಶದಲ್ಲಿರುತ್ತಾನೋ ಆ ಹದಿಮೂರು, ಹದಿನಾಲ್ಕು ದಿನಗಳ ಮಳೆಗೆ ಅದರ ಹೆಸರು ಸಲ್ಲುವುದರಿಂದ, ರೋಹಿಣಿ ಮಳೆಯ ದಿನಗಳಲ್ಲಿ ರೋಹಿಣಿ ನಕ್ಷತ್ರವು ಸೂರ್ಯನ ಪ್ರಭೆಯಲ್ಲಿ ಮುಳುಗಿ ಕಾಣದಾಗುತ್ತದೆ. ಅದು ರಾತ್ರಿ ನೆತ್ತಿಗೇರುವುದು ಹಿಂಗಾರಿ ಜೋಳ ತೆನೆ ಹಿಡಿಯುವ ಚಳಿಗಾಲದಲ್ಲಿ.

ಹೀಗೆ ಮುಂದಿನ ಬೆಳೆಯ ಲೆಕ್ಕಕ್ಕೆ ಒದಗುವ ನಕ್ಷತ್ರಗಳು ಕಣ್ಣಿಗೆ ಬಿದ್ದಾಗ ತೋರಿಸುವುದು ಹಿಂದಿನ ಕಾಲವನ್ನು. ಸೆಕೆಂಡಿಗೆ ಸುಮಾರು 3 ಲಕ್ಷ ಕಿ.ಮೀ. ಸಾಗುವ ಬೆಳಕು ಒಂದು ವರ್ಷದಲ್ಲಿ ಕ್ರಮಿಸುವ ಸುಮಾರು 9.46 ಲಕ್ಷ ಕೋಟಿ ಕಿ.ಮೀ. ದೂರವೇ ಒಂದು ಜ್ಯೋತಿರ್ವರ್ಷ. ಸುಮಾರು 37 ಜ್ಯೋತಿರ್ವರ್ಷ ದೂರದ ಸ್ವಾತಿಯ ಇಂದಿನ ಬೆಳಕು, 1982ರಲ್ಲಿ ನಾರಾಯಣಪುರದ ಅಣೆಕಟ್ಟು ಮುಗಿದ ಕೆಲವು ವರ್ಷಗಳ ಬಳಿಕ ಹೊರಟದ್ದು. 65 ಜ್ಯೋತಿರ್ವರ್ಷ ದೂರದ ರೋಹಿಣಿಯದು, 1964ರಲ್ಲಿ ಲಾಲ್ ಬಹಾದ್ದೂರ್ ಶಾಸ್ತ್ರಿಯವರು ಆಲಮಟ್ಟಿಯಲ್ಲಿ ಕೃಷ್ಣಾ ಮೇಲ್ದಂಡೆ ಯೋಜನೆಗೆ ಅಡಿಗಲ್ಲು ಇಡುವ ಮೊದಲೇ ಹೊರಟದ್ದು. 79 ಜ್ಯೋತಿರ್ವರ್ಷ ದೂರದ ಮಘಾ ನಕ್ಷತ್ರದ ಬೆಳಕು ಹೊರಟಾಗ ಈ ಸೀಮೆ ಇನ್ನೂ ಹೈದರಾಬಾದಿನ ನಿಜಾಮರ ಕೈಯಲ್ಲಿತ್ತು. 250 ಜ್ಯೋತಿರ್ವರ್ಷ ದೂರದ ಚಿತ್ತಾದ ಬೆಳಕು ಹೊರಟಾಗ ಸುರಪುರದಲ್ಲಿ ನಾಯಕ ಅರಸರು ಆಳುತ್ತಿದ್ದರು. ಮಳೆಗಳ ಸಾಲಿನಲ್ಲಿ ಮಘಾ, ಚಿತ್ತಾಗಳಿಗಿಂತ ಮೊದಲು ಬರುವ ರೋಹಿಣಿ, ಬೆಳಕು ಹೊರಟ ಕಾಲದ ಸಾಲಿನಲ್ಲಿ ಅವುಗಳ ಹಿಂದೆ ನಿಲ್ಲುತ್ತದೆ. ಒಂದೇ ಆಕಾಶದಲ್ಲಿ ಹೊಳೆಯುವ ಚುಕ್ಕೆಗಳು ಒಂದೇ ಕಾಲಕ್ಕೆ ಸೇರಿದವಲ್ಲ.

ಕಾರ್ತಿಕದ ಅಮಾವಾಸ್ಯೆಯ ಆಸುಪಾಸಿನಲ್ಲಿ, ಊರ ದೀಪಗಳಿಂದ ದೂರ ಸರಿದವರ ಬರಿಗಣ್ಣಿಗೆ ಅರಳೆಯ ಚೂರಿನಂತೆ ಮಸುಕಾಗಿ ಕಾಣುವ ಆಂಡ್ರೊಮಿಡಾ ಗೆಲಾಕ್ಸಿ, ಎಂದರೆ ನಮ್ಮ ಆಕಾಶಗಂಗೆಯಂಥದೇ ಇನ್ನೊಂದು ನಕ್ಷತ್ರಸಮೂಹ, ಸುಮಾರು 25 ಲಕ್ಷ ಜ್ಯೋತಿರ್ವರ್ಷ ದೂರದಲ್ಲಿದೆ. ನಾರಾಯಣಪುರಕ್ಕೆ ಸಮೀಪದ ಹುಣಸಗಿ ಕಣಿವೆಯ ಇಸಾಂಪುರದಲ್ಲಿ ಪುರಾತತ್ತ್ವಜ್ಞ ಕೆ. ಪದ್ದಯ್ಯನವರು ಉತ್ಖನನ ನಡೆಸಿದ, ಆದಿಮಾನವರು ಸುಣ್ಣಕಲ್ಲಿನ ಚಪ್ಪಡಿಗಳನ್ನು ಒಡೆದು ಕೈಗೊಡಲಿ ಮಾಡುತ್ತಿದ್ದ ನೆಲೆಯ ಕಾಲವನ್ನು ಸುಮಾರು 12 ಲಕ್ಷ ವರ್ಷ ಹಿಂದಕ್ಕೆ ಅಂದಾಜಿಸಲಾಗಿದೆ. ಅಲ್ಲಿ ಕಲ್ಲು ಒಡೆಯುವ ಸದ್ದು ಕೇಳುತ್ತಿದ್ದಾಗ ಆಂಡ್ರೊಮಿಡಾದಿಂದ ಇಂದು ನಮ್ಮನ್ನು ತಲುಪುವ ಬೆಳಕು ಅರ್ಧ ದಾರಿ ಸವೆಸಿತ್ತು. ನೆಲದೊಳಗಿನ ಹಳೆಯದನ್ನು ಅಗೆದೇ ತೆಗೆಯಬೇಕು. ಅದಕ್ಕಿಂತ ಹಳೆಯದಾದ ಈ ಬೆಳಕು, ರಾತ್ರಿ ಹೊಲ ಕಾಯಲು ಕುಳಿತವರ ಕಣ್ಣಿಗೆ ತಾನಾಗಿಯೇ ಬಂದು ಬೀಳುತ್ತದೆ.