ಗಾಲಿಮನೆಯ ಟೆಲಿವಿಷನ್ನೂ ವಿದ್ಯುತ್ತಿನ ಜಮಾಖರ್ಚೂ

ಮನೆಯನ್ನು ಬಿಟ್ಟು ದೂರ ಹೋಗಬೇಕು, ಆದರೆ ಮನೆಯ ಸುಖವನ್ನು ಬಿಡಬಾರದು. ಈ ಎರಡು ಆಸೆಗಳ ಸಂಧಾನದಿಂದ ಹುಟ್ಟಿದುದೇ ಕ್ಯಾಂಪರ್ ಎಂಬ ಗಾಲಿಮನೆ. ಅಮೆರಿಕದ ಏರ್‌ಸ್ಟ್ರೀಮ್ ಸಂಸ್ಥೆಯು 1961ರಲ್ಲಿ ‘ಬಾಂಬಿ’ ಎಂಬ ಹೆಸರಿನ, ಕೇವಲ 16 ಅಡಿ ಉದ್ದದ ಅಲ್ಯುಮಿನಿಯಂ ಗಾಡಿಯೊಂದನ್ನು ಹೊರತಂದಿತು. ಮೋಟಾರಿನ ಹಿಂದೆ ಕಟ್ಟಿ ಎಳೆದೊಯ್ಯುವ ಆ ಪುಟ್ಟ ಗೂಡಿನಲ್ಲಿ ಹಾಸಿಗೆ, ಒಲೆ, ನೀರಿನ ತೊಟ್ಟಿ ಎಲ್ಲವೂ ಅಡಕವಾಗಿದ್ದವು. ಅದಕ್ಕೆ ಒಂದು ವರ್ಷ ಹಿಂದೆ, 1960ರಲ್ಲಿ, ಜಪಾನಿನ ಸೋನಿ ಸಂಸ್ಥೆಯು ಬ್ಯಾಟರಿಯಿಂದಲೂ ನಡೆಯಬಲ್ಲ, 8 ಅಂಗುಲ ತೆರೆಯ ಟ್ರಾನ್ಸಿಸ್ಟರ್ ಟೆಲಿವಿಷನ್ನನ್ನು ಮಾರುಕಟ್ಟೆಗೆ ತಂದಿತ್ತು. ಗಾಡಿಯೂ ಟೆಲಿವಿಷನ್ನೂ ಹೀಗೆ ಹೆಚ್ಚುಕಡಮೆ ಒಂದೇ ಕಾಲದಲ್ಲಿ ಒಂದಕ್ಕೊಂದು ಹೊಂದುವಂತಾದವು. ಇಂದು ಅಮೆರಿಕ, ಯೂರೋಪು, ಆಸ್ಟ್ರೇಲಿಯಗಳಲ್ಲಿ ಇಂಥ ಗಾಡಿಗಳು ಸರ್ವಸಾಮಾನ್ಯ. ನಮ್ಮ ನೆರೆಯ ಕೇರಳವು ಕೂಡ 2021ರಲ್ಲಿ ಕಾರವಾನ್ ಪ್ರವಾಸಕ್ಕೆಂದೇ ಒಂದು ಯೋಜನೆಯನ್ನು ಸಾರಿತು.

ಇಂಥ ಗಾಡಿಯೊಳಗೆ ಟೆಲಿವಿಷನ್ನನ್ನೂ ಅದರ ಪರಿವಾರದ ಇತರ ಉಪಕರಣಗಳನ್ನೂ ಅಳವಡಿಸುವವರು ಸಾಮಾನ್ಯವಾಗಿ ಮೊದಲು ತೆರೆಯನ್ನು ಕೊಳ್ಳುತ್ತಾರೆ. ಆಮೇಲೆ ಅದನ್ನು ಗೋಡೆಗೆ ಬಿಗಿಯುವ ಬಗೆಯನ್ನು ಯೋಚಿಸುತ್ತಾರೆ. ಎಲ್ಲಕ್ಕೂ ಕೊನೆಯಲ್ಲಿ, ರಾತ್ರಿ ಹತ್ತು ಗಂಟೆಗೆ ದೀಪ ಮಂಕಾದಾಗ, ಬ್ಯಾಟರಿಯನ್ನು ನೆನೆಯುತ್ತಾರೆ. ಈ ಕ್ರಮ ತಲೆಕೆಳಗಾದುದು ಎಂಬುದೇ ನನ್ನ ವಾದ. ಗಾಲಿಮನೆಯಲ್ಲಿ ಮೊದಲು ಬರಬೇಕಾದುದು ಲೆಕ್ಕ, ಬಳಿಕ ತಂತಿ ಮತ್ತು ಫ್ಯೂಸು, ಕಟ್ಟಕಡೆಗೆ ತೆರೆ.

ಅರಣ್ಯದ ಅಂಚಿಗೆ ಹೋದವನಿಗೆ ಟೆಲಿವಿಷನ್ ಏತಕ್ಕೆ, ನಕ್ಷತ್ರಗಳನ್ನು ನೋಡಬಾರದೆ, ಎಂದು ಕೆಲವರು ಆಕ್ಷೇಪಿಸುವುದುಂಟು. ನಾನು ಆ ಪಕ್ಷದವನಲ್ಲ. ಮೂರು ದಿನ ಮಳೆ ಹಿಡಿದು ಕುಳಿತಾಗ ನಾಲ್ಕು ಜನರು ಒಂದು ಒಳ್ಳೆಯ ಚಿತ್ರವನ್ನು ನೋಡಿದರೆ ಪ್ರಕೃತಿಗೆ ಯಾವ ಅಪಚಾರವೂ ಆಗದು. ನನ್ನ ಆಕ್ಷೇಪವಿರುವುದು ಟೆಲಿವಿಷನ್ನಿನ ಬಗ್ಗೆ ಅಲ್ಲ, ಅದರ ಬೆಲೆಯನ್ನು ವಾಟ್-ಗಂಟೆಗಳಲ್ಲಿ ಅರಿಯದಿರುವುದರ ಬಗ್ಗೆ.

ಊರಿನ ಮನೆಯಲ್ಲಿ ಗೋಡೆಯ ರಂಧ್ರಕ್ಕೆ ಪ್ಲಗ್ಗನ್ನು ಚುಚ್ಚಿದರೆ ವಿದ್ಯುತ್ತು ತುಂಬಿದ ಹೊಳೆಯಂತೆ ಬರುತ್ತದೆ. ಗಾಲಿಮನೆಯಲ್ಲಿ ಇರುವುದು ಹೊಳೆಯಲ್ಲ, ಒಂದು ಕೊಡ. ಸಾಮಾನ್ಯವಾದ 12 ವೋಲ್ಟ್, 100 ಆಂಪಿಯರ್-ಗಂಟೆಯ ಬ್ಯಾಟರಿಯನ್ನು ತೆಗೆದುಕೊಳ್ಳೋಣ. ಎರಡನ್ನೂ ಗುಣಿಸಿದರೆ 1200 ವಾಟ್-ಗಂಟೆ. ಆದರೆ ಅದು ಸೀಸ-ಆಮ್ಲದ ಬ್ಯಾಟರಿಯಾದಲ್ಲಿ ಅರ್ಧಕ್ಕಿಂತ ಹೆಚ್ಚು ಖಾಲಿ ಮಾಡಬಾರದು. ಪದೇಪದೇ ಬರಿದುಮಾಡಿದರೆ ಸೀಸದ ಸಲ್ಫೇಟು ಫಲಕಗಳ ಮೇಲೆ ಗಟ್ಟಿ ಹರಳಾಗಿ ನಿಂತು, ಬ್ಯಾಟರಿಯ ಆಯುಸ್ಸು ಕುಗ್ಗುತ್ತದೆ. ಆದಕಾರಣ ನಮ್ಮ ಕೈಗೆ ಬಂದ ಬಂಡವಾಳ 600 ವಾಟ್-ಗಂಟೆ ಮಾತ್ರ. ಲಿಥಿಯಂ ಕಬ್ಬಿಣದ ಫಾಸ್ಫೇಟಿನ ಬ್ಯಾಟರಿಯಾದರೆ ಸುಮಾರು 1000 ಎನ್ನಬಹುದು. ಒಳ್ಳೆಯ ಬಿಸಿಲಿನ ದಿನ 200 ವಾಟ್‌ನ ಸೌರಫಲಕದಿಂದ 700 ವಾಟ್-ಗಂಟೆಗಳಷ್ಟು ಜಮೆಯಾದೀತು. ಮೋಡ ಕವಿದರೆ ಅದರ ಒಂದು ಸಣ್ಣ ಪಾಲು.

ಇನ್ನು ಖರ್ಚಿನ ಪಟ್ಟಿ. ತಂಪುಪೆಟ್ಟಿಗೆ ದಿನಕ್ಕೆ ಸುಮಾರು 400 ವಾಟ್-ಗಂಟೆಗಳನ್ನು ಬೇಡುತ್ತದೆ. ದೀಪ, ನೀರಿನ ಪಂಪು, ದೂರವಾಣಿಗಳು ಸೇರಿ 100. 24 ಅಂಗುಲದ ಎಲ್‌ಇಡಿ ಟೆಲಿವಿಷನ್ ಹೆಚ್ಚೆಂದರೆ 30 ವಾಟ್ ಬಳಸುತ್ತದೆ. ಸಂಜೆ 3 ಗಂಟೆ ನೋಡಿದರೆ 90 ವಾಟ್-ಗಂಟೆ. ಅಂತರಜಾಲದಿಂದ ಚಿತ್ರಗಳನ್ನು ತೋರಿಸುವ, ಬೆರಳುದ್ದದ ಸ್ಟ್ರೀಮಿಂಗ್ ಕಡ್ಡಿಗೆ ಮತ್ತೆ 9. ಒಟ್ಟು 599. ಜಮೆಗೂ ಖರ್ಚಿಗೂ ಕೂದಲೆಳೆಯ ಅಂತರ, ಆದರೂ ಸರಿದೂಗಿತು!

ಹಾಗಾದರೆ ಬ್ಯಾಟರಿ ಬರಿದಾಗುವುದೇಕೆ? ವಾಚಕರು ಇಲ್ಲಿ ಸ್ವಲ್ಪ ನಿಂತು ಯೋಚಿಸಬೇಕು. ದೋಷವೆಲ್ಲ ಕಣ್ಣಿಗೆ ದೊಡ್ಡದಾಗಿ ಕಾಣುವ ಟೆಲಿವಿಷನ್ನಿನ ಮೇಲೆ ಬೀಳುತ್ತದೆ. ನಿಜವಾದ ಕಳ್ಳನು ಮೂಲೆಯಲ್ಲಿ ಸದ್ದಿಲ್ಲದೆ ಕುಳಿತಿರುತ್ತಾನೆ. ಅಂತರಜಾಲಕ್ಕಾಗಿ ಇಟ್ಟ 10 ವಾಟ್‌ನ ರೌಟರನ್ನು ಆರಿಸದೆ ಬಿಟ್ಟರೆ 24 ಗಂಟೆಗಳಲ್ಲಿ ಅದು ನುಂಗುವುದು 240 ವಾಟ್-ಗಂಟೆ, ಎಂದರೆ ಟೆಲಿವಿಷನ್ನಿನ ಎರಡೂವರೆ ಪಟ್ಟಿಗಿಂತ ಹೆಚ್ಚು. ಏನನ್ನೂ ನಡೆಸದೆ ಸುಮ್ಮನೆ ಚಾಲನೆಯಲ್ಲಿರುವ ಇನ್ವರ್ಟರ್ ಕೂಡ 10 ವಾಟ್ ತಿಂದರೆ ಮತ್ತೆ 240. ಉಪಗ್ರಹದ ಮೂಲಕ ಅಂತರಜಾಲವನ್ನು ಕೊಡುವ ‘ಸ್ಟಾರ್‌ಲಿಂಕ್ ಮಿನಿ’ಯಂಥ ಉಪಕರಣಕ್ಕೆ ಸರಾಸರಿ 30 ವಾಟ್ ಎಂದಿಟ್ಟುಕೊಂಡರೂ ಹಗಲಿರುಳು ಸೇರಿ 720 ಆಗುತ್ತದೆ, ನಮ್ಮ ಇಡೀ ಬಂಡವಾಳವನ್ನೂ ಮೀರಿತು. ಶಕ್ತಿಯೆಂದರೆ ಸಾಮರ್ಥ್ಯ ಮತ್ತು ಕಾಲಗಳ ಗುಣಲಬ್ಧ ಎಂದು ನಾವು ಬಾಯಿಪಾಠ ಮಾಡುತ್ತೇವೆ. ಆ ಗುಣಾಕಾರದಲ್ಲಿ ಕಾಲವೆಂಬ ಅಂಶವನ್ನು ಮರೆತವನ ಗಾಡಿಯಲ್ಲಿ ರಾತ್ರಿ ಕತ್ತಲೆ. ಬಳಸದಾಗ ಆರಿಸುವ ಒಂದು ಸ್ವಿಚ್ಚು ಇನ್ನೊಂದು ಬ್ಯಾಟರಿಗಿಂತ ಅಗ್ಗ.

ಎರಡನೆಯ ಅವಿವೇಕ ಪರಿವರ್ತನೆಯದು. ಬ್ಯಾಟರಿ ಕೊಡುವುದು 12 ವೋಲ್ಟಿನ ಏಕಮುಖ ಪ್ರವಾಹ. ಅದನ್ನು ಇನ್ವರ್ಟರಿನಿಂದ ಅಮೆರಿಕದಲ್ಲಿ 120, ನಮ್ಮಲ್ಲಿ 230 ವೋಲ್ಟಿನ ಪರ್ಯಾಯ ಪ್ರವಾಹವನ್ನಾಗಿ ಮಾಡುತ್ತಾರೆ. ಟೆಲಿವಿಷನ್ನಿನ ಅಡಾಪ್ಟರು ಅದನ್ನು ಮರಳಿ 12 ವೋಲ್ಟಿನ ಏಕಮುಖ ಪ್ರವಾಹಕ್ಕೆ ಇಳಿಸುತ್ತದೆ. ಬಾವಿಯ ನೀರನ್ನು ಅಟ್ಟಕ್ಕೆ ಹೊತ್ತು, ಮತ್ತೆ ಕೆಳಕ್ಕಿಳಿಸಿ ಕುಡಿದಂತಾಯಿತು ಇದು. ಒಂದೊಂದು ಪರಿವರ್ತನೆಯಲ್ಲಿಯೂ ನೂರಕ್ಕೆ 10ರಿಂದ 15 ಪಾಲು ಶಾಖವಾಗಿ ಚೆಲ್ಲಿಹೋಗುತ್ತದೆ. ಅಡಾಪ್ಟರಿನ ಚೀಟಿಯಲ್ಲಿ 12 ವೋಲ್ಟ್ ಎಂದು ಬರೆದಿರುವ ಟೆಲಿವಿಷನ್ನನ್ನೇ ಆರಿಸಿ, ನೇರವಾಗಿ ಬ್ಯಾಟರಿಯಿಂದ ನಡೆಸುವುದು ಲೇಸು. ಇಲ್ಲಿ ಒಂದು ಎಚ್ಚರಿಕೆ ಅಗತ್ಯ. ಹನ್ನೆರಡು ವೋಲ್ಟಿನದೆಂದು ಹೆಸರಾದ ಬ್ಯಾಟರಿಯು ಚಾರ್ಜಾಗುವಾಗ 14 ವೋಲ್ಟನ್ನು ದಾಟುತ್ತದೆ. ವಾಹನಗಳಿಗೆಂದೇ ತಯಾರಾದ ಟೆಲಿವಿಷನ್ ಈ ಏರಿಳಿತವನ್ನು ತಾಳಿಕೊಳ್ಳುತ್ತದೆ. ಸಾಮಾನ್ಯವಾದುದಕ್ಕೆ ವೋಲ್ಟೇಜನ್ನು ಸ್ಥಿರವಾಗಿಡುವ ರೆಗ್ಯುಲೇಟರ್ ಬೇಕು.

ಈಗ ತಂತಿಯ ವಿಚಾರ. ಬ್ಯಾಟರಿಯಿಂದ ತೆರೆಗೆ 5 ಮೀಟರ್ ದೂರವಿದ್ದರೆ, ಹೋಗಿಬರಲು 10 ಮೀಟರ್ ತಂತಿ ಬೇಕು. ಅದು 1 ಚದರ ಮಿಲಿಮೀಟರ್ ಅಡ್ಡಕೊಯ್ತದ ತಾಮ್ರವಾದರೆ ಅದರ ರೋಧ ಸುಮಾರು 0.17 ಓಮ್. ಟೆಲಿವಿಷನ್ನಿಗೆ ಬೇಕಾದ ಎರಡೂವರೆ ಆಂಪಿಯರಿಗೆ ನಷ್ಟ 0.4 ವೋಲ್ಟಿನಷ್ಟು, ಚಿಂತೆಯಿಲ್ಲ. ಆದರೆ ಅದೇ ತಂತಿಗೆ ರೌಟರು, ದೂರವಾಣಿಗಳು, ಪಂಪು ಎಲ್ಲವನ್ನೂ ಜೋತುಹಾಕಿ 10 ಆಂಪಿಯರ್ ಹರಿಯಿಸಿದರೆ 1.7 ವೋಲ್ಟ್ ದಾರಿಯಲ್ಲೇ ಕರಗುತ್ತದೆ. ತೆರೆಗೆ ತಲಪುವುದು 10.3 ವೋಲ್ಟ್ ಮಾತ್ರ; ಅದು ಕಣ್ಣುಮುಚ್ಚಿಬಿಡಬಹುದು. ಪ್ರವಾಹ ನಾಲ್ಮಡಿಯಾದಾಗ ತಂತಿಯ ಶಾಖ ಹದಿನಾರು ಮಡಿಯಾಗುತ್ತದೆ ಎಂಬುದನ್ನು ಮರೆಯಬಾರದು. 12 ವೋಲ್ಟ್ ಮೈಮುಟ್ಟಿದರೆ ಕೊಲ್ಲುವುದಿಲ್ಲ, ನಿಜ. ಆದರೆ ಬ್ಯಾಟರಿಯ ಎರಡು ತುದಿಗಳನ್ನು ಅಕಸ್ಮಾತ್ತಾಗಿ ಕೂಡಿಸಿದರೆ ನೂರಾರು ಆಂಪಿಯರ್ ಹರಿದು ತಂತಿ ಕೆಂಡವಾಗುತ್ತದೆ. ಸುತ್ತಲೂ ಪ್ಲೈವುಡ್ಡು, ಹಾಸಿಗೆ, ಪರದೆ, ಬಾಗಿಲು ಒಂದೇ! ಆದುದರಿಂದ ಫ್ಯೂಸನ್ನು ಟೆಲಿವಿಷನ್ನಿನ ಬಳಿಯಲ್ಲಲ್ಲ, ಬ್ಯಾಟರಿಯ ಪಕ್ಕದಲ್ಲಿಯೇ ಇಡತಕ್ಕದ್ದು. ಅದು ಕಾಯಬೇಕಾದುದು ಉಪಕರಣವನ್ನಲ್ಲ, ತಂತಿಯ ಇಡೀ ದಾರಿಯನ್ನು.

ತೆರೆಯ ಗಾತ್ರದ ಬಗ್ಗೆ ಜಗಳವೇ ಅನಾವಶ್ಯಕ. ಒಂದೂವರೆ ಮೀಟರ್ ದೂರದಿಂದ ನೋಡುವ 24 ಅಂಗುಲದ ತೆರೆಯು, 3 ಮೀಟರ್ ದೂರದಿಂದ ನೋಡುವ 48 ಅಂಗುಲದ ತೆರೆಯಷ್ಟೇ ಕೋನವನ್ನು ಕಣ್ಣಿನಲ್ಲಿ ತುಂಬುತ್ತದೆ. ಕರ್ಣ ಇಮ್ಮಡಿಯಾದರೆ ಬೆಳಗಬೇಕಾದ ಕ್ಷೇತ್ರಫಲ ನಾಲ್ಮಡಿ. ಚಿಕ್ಕ ಕೋಣೆಯು ಚಿಕ್ಕ ತೆರೆಗೆ ತಾನಾಗಿಯೇ ಕೊಟ್ಟ ವರ ಇದು.

ಚಿತ್ರವನ್ನು ತರುವ ಅಲೆಗಳ ವಿಷಯದಲ್ಲಿ ಸ್ಥಳವೇ ಯಜಮಾನ. ಅಲ್ಯುಮಿನಿಯಂ ಹೊದಿಕೆಯ ಗಾಡಿಯು ರೇಡಿಯೋ ಅಲೆಗಳನ್ನು ಹೊರಕ್ಕೆ ತಳ್ಳುತ್ತದೆ; ಏರಿಯಲ್ಲನ್ನು ಮಾಡಿನ ಮೇಲೆಯೇ ನಿಲ್ಲಿಸಬೇಕು. ಅಮೆರಿಕದಲ್ಲಿ ಭೂಕೇಂದ್ರಗಳ ಪ್ರಸಾರವು ಇಂದಿಗೂ ಉಚಿತವಾಗಿ ದೊರೆಯುತ್ತದೆ. ಆದರೆ ದೊಡ್ಡ ಕೇಂದ್ರಗಳು 2009ರಲ್ಲಿ ಅಂಕೀಯ ಪದ್ಧತಿಗೆ ಬದಲಾದ ಮೇಲೆ, ಸಂಕೇತ ಕ್ಷೀಣಿಸಿದರೆ ಹಿಂದಿನಂತೆ ಚಿತ್ರದ ಮೇಲೆ ಹಿಮ ಸುರಿಯುವುದಿಲ್ಲ. ಚಿತ್ರವು ಒಮ್ಮೆಗೇ ಕಡಿದುಹೋಗುತ್ತದೆ. ನಮ್ಮಲ್ಲಿ ಭೂಕೇಂದ್ರಗಳ ಪ್ರಸಾರ ಬಹುಮಟ್ಟಿಗೆ ನಿಂತುಹೋಗಿರುವುದರಿಂದ ಉಪಗ್ರಹದ ತಟ್ಟೆಯೇ ಗತಿ. ಇದರಲ್ಲಿ ನಮಗೊಂದು ಸೌಕರ್ಯವುಂಟು. ಲಂಡನ್ನಿನಲ್ಲಿ ಟೆಲಿವಿಷನ್ ಉಪಗ್ರಹಗಳು ದಿಗಂತದಿಂದ ಸುಮಾರು 25 ಡಿಗ್ರಿ ಮೇಲಿವೆ. ಡಿಡಿ ಫ್ರೀ ಡಿಶ್‌ನ ಉಪಗ್ರಹವು ಬೆಂಗಳೂರಿನವರಿಗೆ 66 ಡಿಗ್ರಿ ಎತ್ತರದಲ್ಲಿದೆ. ತಟ್ಟೆಗಿಂತ 10 ಮೀಟರ್ ಎತ್ತರಕ್ಕೆ ಬೆಳೆದ ಮರವೊಂದು ಆ ದಿಕ್ಕಿನಲ್ಲಿದ್ದರೆ ಲಂಡನ್ನಿನಲ್ಲಿ 21 ಮೀಟರ್ ದೂರ ಸರಿಯಬೇಕು. ಬೆಂಗಳೂರಿನಲ್ಲಿ ಐದು ಮೀಟರ್ ಸಾಕು. ತ್ರಿಕೋಣಮಿತಿಯನ್ನು ಬಲ್ಲ ವಿದ್ಯಾರ್ಥಿಯು ಇದನ್ನು ತಾನೇ ಪರೀಕ್ಷಿಸಿ ನೋಡಲಿ.

ಲೆಕ್ಕವಿಡದವನು ಕೊನೆಗೆ ಮೊರೆಹೋಗುವುದು ಪೆಟ್ರೋಲ್ ಜನರೇಟರಿಗೆ. 30 ವಾಟ್‌ನ ತೆರೆಗಾಗಿ 2000 ವಾಟ್‌ನ ಯಂತ್ರ! ಅದರ ಗದ್ದಲವನ್ನು ನೆರೆಯವರೆಲ್ಲ ಅನುಭವಿಸಬೇಕು. ಗದ್ದಲವನ್ನಾದರೂ ಕ್ಷಮಿಸಬಹುದು, ಅದರ ಹೊಗೆಯಲ್ಲಿರುವ ಇಂಗಾಲದ ಮಾನಾಕ್ಸೈಡಿಗೆ ಬಣ್ಣವಿಲ್ಲ, ವಾಸನೆಯಿಲ್ಲ. ಅದು ಕಿಟಕಿಯ ಸಂದಿನಿಂದ ಒಳನುಗ್ಗಿದರೆ, ರಕ್ತದಲ್ಲಿ ಆಮ್ಲಜನಕದ ಸ್ಥಾನವನ್ನು ಆಕ್ರಮಿಸಿ, ನಿದ್ದೆಯಲ್ಲಿದ್ದವರನ್ನು ನಿದ್ದೆಯಲ್ಲಿಯೇ ಕೊಲ್ಲುತ್ತದೆ. ಗುಣಾಕಾರವೊಂದನ್ನು ಮಾಡದಿದ್ದುದಕ್ಕೆ ತೆರುವ ದಂಡ ಇಷ್ಟು ದೊಡ್ಡದಾಗಬಲ್ಲುದು.

ನಮ್ಮ ಕಾಲೇಜುಗಳಲ್ಲಿ ಓಮನ ನಿಯಮವನ್ನು ಒಪ್ಪಿಸದ ವಿದ್ಯಾರ್ಥಿಯಿಲ್ಲ. ಆದರೆ ಅಂಗಡಿಯ ಬ್ಯಾಟರಿಯೊಂದನ್ನು ಎದುರಿಗಿಟ್ಟು, ಇದು ಎಷ್ಟು ಹೊತ್ತು ಬಂದೀತು, ಎಂಥ ತಂತಿ ಬೇಕು, ಎಷ್ಟು ಆಂಪಿಯರಿನ ಫ್ಯೂಸು ಹಾಕಬೇಕು ಎಂದು ಕೇಳಿದರೆ ಹಲವರು ತಡವರಿಸುತ್ತಾರೆ. ತಪ್ಪು ಅವರದಲ್ಲ; ಹಾಗೆ ಕೇಳುವ ಪದ್ಧತಿ ನಮ್ಮ ಪ್ರಶ್ನೆಪತ್ರಿಕೆಗಳಲ್ಲಿ ವಿರಳ. ಗಾಲಿಮನೆ ಎಲ್ಲರಿಗೂ ದೊರಕದು, ದೊರಕಬೇಕಾದುದೂ ಇಲ್ಲ. ಆದರೆ ಪ್ರತಿ ಮನೆಯಲ್ಲಿಯೂ ಉಪಕರಣಗಳ ಹಿಂಬದಿಯಲ್ಲಿ ವಾಟ್‌ಗಳನ್ನು ನಮೂದಿಸಿದ ಚೀಟಿಗಳಿವೆ. ಈ ಭಾನುವಾರ ಅವನ್ನು ಓದಿ, ಗಂಟೆಗಳಿಂದ ಗುಣಿಸಿ, ನಿಮ್ಮ ಮನೆಯ ಒಂದು ದಿನವು ನೂರು ಆಂಪಿಯರ್-ಗಂಟೆಯ ಎಷ್ಟು ಬ್ಯಾಟರಿಗಳಿಗೆ ಸಮವೆಂದು ಲೆಕ್ಕಹಾಕಿರಿ. ಹಾಸಿಗೆ ಇದ್ದಷ್ಟು ಕಾಲು ಚಾಚು ಎಂದು ಹಿರಿಯರು ಹೇಳಿದರು. ಹಾಸಿಗೆ ಎಷ್ಟು ಉದ್ದವಿದೆಯೆಂದು ಅಳೆದು ತಿಳಿಯುವುದೇ ಭೌತವಿಜ್ಞಾನದ ಕೆಲಸ.