ದೂರಿಗೆ ಭಾಷೆ ಅಡ್ಡಿಯಾಗದಿರಲಿ



ಕೆಲಸದ ಸ್ಥಳದಲ್ಲಿ ಮಹಿಳೆಯರಿಗಾಗುವ ಲೈಂಗಿಕ ಕಿರುಕುಳ ತಡೆಯುವ 2013ರ ಕಾಯ್ದೆಯಂತೆ, ಹತ್ತು ಮಂದಿ ನೌಕರರಿದ್ದರೆ ಮಾಲೀಕರು ಆಂತರಿಕ ಸಮಿತಿ ರಚಿಸಲೇಬೇಕು. ತಪ್ಪಿದರೆ 50,000 ರೂಪಾಯಿವರೆಗೆ ದಂಡ. ಅದಕ್ಕಿಂತ ಚಿಕ್ಕ ಅಂಗಡಿಯವರಿಗೆ, ಮನೆಗೆಲಸದವರಿಗೆ ಜಿಲ್ಲೆಯ ಸ್ಥಳೀಯ ಸಮಿತಿ. ಗೋವಾದಿಂದ ಹೋದ ಪ್ರಕರಣದಲ್ಲಿ ಸುಪ್ರೀಂ ಕೋರ್ಟ್ 2024ರ ಡಿಸೆಂಬರ್‌ನಲ್ಲಿ ಈ ಸಮಿತಿಗಳ ರಚನೆಗೆ ಗಡುವು ವಿಧಿಸಿತು.

ಗಡಿನಾಡಿನ ತೊಡಕೇ ಬೇರೆ. ದೂರು ಸಾಮಾನ್ಯವಾಗಿ ಮೂರು ತಿಂಗಳೊಳಗೆ, ಲಿಖಿತವಾಗಿ ಸಲ್ಲಬೇಕು. ಗೋಡೆಯ ಸೂಚನೆ ಮಲಯಾಳದಲ್ಲೋ ಮರಾಠಿಯಲ್ಲೋ ಇದ್ದರೆ, ಕನ್ನಡ ಮಾತ್ರ ಬಲ್ಲ ಹೆಣ್ಣುಮಗಳಿಗೆ ಅದು ಬರೀ ಕಾಗದ. ಬರೆಯಲಾಗದವರಿಗೆ ಸಮಿತಿಯೇ ನೆರವಾಗಬೇಕೆಂದು 9ನೇ ಕಲಮು ಹೇಳುತ್ತದೆ. ಇದನ್ನು ನಾವು ಕೇಳಿ ಪಡೆಯಬೇಕು.

ಅಂಗಡಿ, ಕಾರ್ಖಾನೆ ನಡೆಸುವ ನಮ್ಮ ಸದಸ್ಯರೂ ಮೊದಲು ತಮ್ಮ ಗೋಡೆ ನೋಡಿಕೊಳ್ಳಲಿ; ಕೆಲಸದವರು ಓದಬಲ್ಲ ಭಾಷೆಯಲ್ಲಿ ಸೂಚನೆ ಹಾಕಲಿ.

– ಕಾರ್ಯದರ್ಶಿ