ಕೆಸರು ಕಾಣುತ್ತದೆ, ಮಣ್ಣು ಕಾಣುವುದಿಲ್ಲ

ಟೆಲಿವಿಷನ್ನಿನಲ್ಲಿ ಪ್ರಸಾರವಾಗುವ ಜೀಪು ಸಾಹಸಯಾತ್ರೆಗಳ ಕುರಿತು ಆಫ್‌ರೋಡ್ ಹವ್ಯಾಸಿಗಳಲ್ಲಿ ಬಹುಕಾಲದಿಂದ ಒಂದು ಚರ್ಚೆ ನಡೆದಿದೆ. ಹೊಳೆಯ ನಡುವೆ ಸಿಕ್ಕಿಬಿದ್ದ ವಾಹನ ಸ್ವಂತ ಬಲದಿಂದ ದಡ ಸೇರಿತೋ, ಕ್ಯಾಮೆರಾದ ಹಿಂದೆ ನಿಂತಿದ್ದ ಇನ್ನೊಂದು ವಾಹನ ಅದನ್ನು ಎಳೆದು ತಂದಿತೋ? ಮುರಿದ ಆಕ್ಸಲ್ಲನ್ನು ನಿರೂಪಕನೇ ಬದಲಿಸಿದನೋ, ಮೆಕ್ಯಾನಿಕ್‌ಗಳ ತಂಡ ರಾತ್ರೋರಾತ್ರಿ ಬದಲಿಸಿತೋ? ಹಿಂದಿನ ಯಾತ್ರೆಗಳು ಅಪ್ಪಟ, ಈಗಿನವು ಬರೆದುಕೊಟ್ಟ ನಾಟಕ ಎಂಬುದು ಹಳೆಯ ಹವ್ಯಾಸಿಗಳ ಕೊರಗು. ನಾಟಕವಾದರೇನು, ನೋಡಲು ಚೆನ್ನಾಗಿದೆಯಲ್ಲ ಎಂಬುದು ಹೊಸಬರ ಉತ್ತರ.

ಈ ಎರಡೂ ಪಕ್ಷಗಳು ಚಾಲಕನ ಪ್ರಾಮಾಣಿಕತೆಯನ್ನು ಅಳೆಯುತ್ತವೆ. ವಾಹನಗಳ ಸಾಲು ದಾಟಿಹೋದ ಮೇಲೆ ಆ ಇಳಿಜಾರಿಗೆ ಏನಾಯಿತು ಎಂಬ ಪ್ರಶ್ನೆ ಎರಡೂ ಪಕ್ಷಗಳಲ್ಲಿ ಏಳುವುದಿಲ್ಲ. ಬೆಟ್ಟದ ಮೇಲೆ ಬದುಕುವವರಿಗೆ ಮುಖ್ಯವಾದುದು ಆ ಪ್ರಶ್ನೆಯೇ.

ಹವ್ಯಾಸಿಗಳು ಅಪ್ಪಟವೆಂದು ಕೊಂಡಾಡುವ ಯಾತ್ರೆಗಳಲ್ಲಿ ಮೊದಲ ಹೆಸರು ಕ್ಯಾಮೆಲ್ ಟ್ರೋಫಿ. 1980ರಲ್ಲಿ ಜರ್ಮನಿಯ ಮೂರು ತಂಡಗಳು ಬ್ರೆಜಿಲಿನ ಟ್ರಾನ್ಸ್ ಅಮೆಜಾನ್ ಹೆದ್ದಾರಿಯಲ್ಲಿ ಜೀಪು ಓಡಿಸುವುದರೊಂದಿಗೆ ಇದು ಆರಂಭವಾಯಿತು. 1981ರಿಂದ ಲ್ಯಾಂಡ್‌ರೋವರ್ ಕಂಪನಿಯ ವಾಹನಗಳು ಬಂದವು. ಸುಮಾತ್ರ, ಪಪುವಾ ನ್ಯೂಗಿನಿ, ಮಡಗಾಸ್ಕರ್, ಬೋರ್ನಿಯೊ ಹೀಗೆ ಭೂಮಿಯ ಅತ್ಯಂತ ಸೂಕ್ಷ್ಮ ಮಳೆಕಾಡುಗಳೆಲ್ಲ ಅದರ ರಂಗಸ್ಥಳಗಳಾದವು. 2000ದಲ್ಲಿ ಅದು ಕೊನೆಗೊಂಡಿತು. ಕಿಬ್ಬೊಟ್ಟೆಯವರೆಗೆ ಕೆಸರು ಮೆತ್ತಿಕೊಂಡ ಹಳದಿ ವಾಹನ, ಮರದ ದಿಮ್ಮಿಗಳ ಸೇತುವೆ, ಬಿಗಿದ ವಿಂಚ್ ಹಗ್ಗ: ಇಂದಿಗೂ ಹವ್ಯಾಸಿಗಳ ಮನಸ್ಸಿನಲ್ಲಿ ಉಳಿದಿರುವ ಚಿತ್ರ ಇದೇ. ಆ ಚಿತ್ರಕ್ಕೆ ಹಣ ತೆತ್ತದ್ದು ಒಂದು ಸಿಗರೇಟು ಬ್ರಾಂಡು. ಯಾತ್ರೆಯ ಹೆಸರೇ ಅದರ ಜಾಹೀರಾತು. ಅಪ್ಪಟ ಸಾಹಸದ ಯುಗವೆಂದು ನೆನೆಯುವ ಕಾಲವೂ ಮಾರಾಟದ ಕಾಲವೇ ಆಗಿತ್ತು.

ಆ ಮೊದಲ ಯಾತ್ರೆಯ ದಾರಿಯನ್ನೂ ಗಮನಿಸಬೇಕು. ಟ್ರಾನ್ಸ್ ಅಮೆಜಾನ್ ಹೆದ್ದಾರಿಯನ್ನು 1970ರ ದಶಕದಲ್ಲಿ ಬ್ರೆಜಿಲಿನ ಮಿಲಿಟರಿ ಸರ್ಕಾರ ಕಾಡು ಸೀಳಿ ನಿರ್ಮಿಸಿತು. ಅದರ ಎರಡೂ ಬದಿಗೆ ಮೀನಿನ ಮುಳ್ಳಿನಂತೆ ಕವಲುದಾರಿಗಳು ಒಡೆದು ಕಾಡು ಬಯಲಾದುದನ್ನು ಉಪಗ್ರಹ ಚಿತ್ರಗಳು ತೋರಿಸುತ್ತವೆ. ಪರದೆಯ ಮೇಲೆ ಆ ದಾರಿ ಮನುಷ್ಯನ ಛಲವನ್ನು ಪರೀಕ್ಷಿಸುವ ಕಣವಾಯಿತು. ಅಲ್ಲಿನ ಕಾಡಿಗೆ ಅದು ವಿನಾಶದ ಹೆಬ್ಬಾಗಿಲು.

ನ್ಯಾಯವಾಗಿ ಹೇಳಬೇಕಾದ ಮಾತೂ ಒಂದಿದೆ. 1993ರಲ್ಲಿ ಮಲೇಷ್ಯಾದ ಸಬಾ ಪ್ರಾಂತ್ಯಕ್ಕೆ ಬಂದ ತಂಡಗಳು ಮಲಿಯಾವು ಕಣಿವೆಯಲ್ಲಿ ಸಂಶೋಧಕರಿಗಾಗಿ ಒಂದು ಕ್ಷೇತ್ರ ಕೇಂದ್ರವನ್ನು ಕಟ್ಟಿಕೊಟ್ಟವು. ಅದು ಒಳ್ಳೆಯ ಕೆಲಸ. ಹವ್ಯಾಸಿಗಳು ಅದನ್ನು ಹೆಮ್ಮೆಯಿಂದ ಸ್ಮರಿಸುವುದು ತಪ್ಪಲ್ಲ. ಆದರೆ ಒಂದು ಕಟ್ಟಡದ ಪುಣ್ಯವನ್ನು ಎರಡು ದಶಕಗಳ ಲೆಕ್ಕಕ್ಕೆ ಜಮೆ ಮಾಡಲು ಬರುವುದಿಲ್ಲ.

ಈಗ ಮಣ್ಣಿನ ವಿಚಾರ. 2004ರಲ್ಲಿ ಬಿಬಿಸಿಯ ಟಾಪ್ ಗೇರ್ ಕಾರ್ಯಕ್ರಮದ ನಿರೂಪಕ ಜೆರೆಮಿ ಕ್ಲಾರ್ಕ್‌ಸನ್ ಸ್ಕಾಟ್ಲೆಂಡಿನ ಬೆನ್ ಟಂಗ್ ಬೆಟ್ಟದ ನೆತ್ತಿಗೆ ಡಿಸ್ಕವರಿ ವಾಹನವನ್ನು ಹತ್ತಿಸಿದರು. ಬೆಟ್ಟದ ಎತ್ತರ ಕೇವಲ ಸುಮಾರು 300 ಮೀಟರ್. ಅಲ್ಲಿನ ನೆಲ ಪೀಟ್ ಮಣ್ಣು, ಅಂದರೆ ತಂಪು ಮತ್ತು ತೇವದಿಂದಾಗಿ ಪೂರ್ತಿ ಕೊಳೆಯದೆ ಪದರಪದರವಾಗಿ ಕೂಡಿದ ಸಸ್ಯಾವಶೇಷ. ಪರಿಸರವಾದಿಗಳು ಆಕ್ಷೇಪಿಸಿದಾಗ, ಒಂದು ಬೆಟ್ಟ, ಒಂದು ವಾಹನ, ಇದಕ್ಕೇಕೆ ಇಷ್ಟು ಗದ್ದಲ ಎಂದು ನಕ್ಕವರೇ ಹೆಚ್ಚು. ಪೀಟ್ ಬೆಳೆಯುವುದು ವರ್ಷಕ್ಕೆ ಸುಮಾರು 1 ಮಿಲಿಮೀಟರ್. ಗಾಲಿ 20 ಸೆಂಟಿಮೀಟರ್ ಆಳದ ಜಾಡು ಕೊರೆದರೆ ಸುಮಾರು 200 ವರ್ಷಗಳ ಸಂಚಯ ಒಂದು ಕ್ಷಣದಲ್ಲಿ ಕಲಕಿಹೋಗುತ್ತದೆ. ಈ ಲೆಕ್ಕ ತಿಳಿದ ಮೇಲೆ ನಗು ಬರುವುದು ಕಷ್ಟ.

ಮಲೆನಾಡಿನ ರೈತರಿಗೆ ಇದನ್ನು ವಿವರಿಸಲು ಗದ್ದೆಯ ಉದಾಹರಣೆಯೇ ಸಾಕು. ನಾಟಿಗೆ ಮುನ್ನ ನೀರು ನಿಲ್ಲಿಸಿ ಉಳುವುದು, ತುಳಿಯುವುದು, ಕೆಸರು ಮಾಡುವುದು ಏಕೆ? ಮಣ್ಣಿನ ಸೂಕ್ಷ್ಮ ರಂಧ್ರಗಳು ಮುಚ್ಚಿಹೋಗಿ ನೀರು ಇಂಗದೆ ಮೇಲೆಯೇ ನಿಲ್ಲಲಿ ಎಂದು. ಬದು ಇರುವ ಸಮತಟ್ಟು ಗದ್ದೆಯಲ್ಲಿ ಅದು ಜಾಣ್ಮೆ. ಅದೇ ಕೆಲಸವನ್ನು ಎರಡು ಟನ್ ತೂಕದ ವಾಹನವೊಂದು ಬೆಟ್ಟದ ಇಳಿಜಾರಿನಲ್ಲಿ ಮಾಡಿದರೆ ನಿಲ್ಲಲು ಬದು ಇಲ್ಲದ ನೀರು ಜಾಡು ಹಿಡಿದು ಓಡುತ್ತದೆ. ಜಾಡು ಕೊರಕಲಾಗುತ್ತದೆ. ಕೊರಕಲು ಆಳವಾದಾಗ ಮುಂದಿನ ಚಾಲಕ ಪಕ್ಕದ ಹುಲ್ಲಿನ ಮೇಲೆ ಹೊಸ ಜಾಡು ಮಾಡುತ್ತಾನೆ. ಮಣ್ಣು ಒತ್ತಿ ಗಟ್ಟಿಯಾಗುವ ಕ್ರಿಯೆಯ ದೊಡ್ಡ ಪಾಲು ಮೊದಲ ಕೆಲವು ಸುತ್ತುಗಳಲ್ಲಿಯೇ ಮುಗಿದಿರುತ್ತದೆ. ಒಮ್ಮೆ ಮಾತ್ರ ಹೋಗಿಬಂದೆವು ಎಂಬ ಸಮಾಧಾನಕ್ಕೆ ಆದ್ದರಿಂದ ಹೆಚ್ಚು ಅರ್ಥವಿಲ್ಲ.

ಮಣ್ಣು ಅತಿ ದುರ್ಬಲವಾಗಿರುವುದು ನೀರು ಕುಡಿದು ತಣಿದಾಗ. ಈ ಸ್ಪರ್ಧೆಗಳು ಹುಡುಕಿಕೊಂಡು ಬರುವುದು ಆ ಕಾಲವನ್ನೇ. 1997ರಲ್ಲಿ ಆರಂಭವಾದ ಮಲೇಷ್ಯಾದ ರೇನ್‌ಫಾರೆಸ್ಟ್ ಚಾಲೆಂಜ್ ಅಲ್ಲಿನ ಮಳೆಗಾಲಕ್ಕಾಗಿಯೇ ಕಾದು ನಡೆಯುವ ಸ್ಪರ್ಧೆ. ಅದರ ಭಾರತೀಯ ಆವೃತ್ತಿ 2014ರಲ್ಲಿ ಗೋವಾಕ್ಕೆ ಬಂದದ್ದೂ ಮುಂಗಾರಿನಲ್ಲಿ. ಒಣನೆಲದಲ್ಲಿ ಕೆಸರಿಲ್ಲ, ಕೆಸರಿಲ್ಲದೆ ದೃಶ್ಯವಿಲ್ಲ. ನೆಲಕ್ಕೆ ಅತ್ಯಂತ ಹಾನಿಕರವಾದ ಋತುವೇ ಕ್ಯಾಮೆರಾಕ್ಕೆ ಅತ್ಯಂತ ಪ್ರಿಯವಾದ ಋತು.

ಒಣನೆಲವಾದರೂ ಮರೆಯುತ್ತದೆಯೇ? 1942ರಿಂದ 1944ರವರೆಗೆ ಅಮೆರಿಕದ ಸೇನೆ ಮೊಹಾವಿ ಮರುಭೂಮಿಯಲ್ಲಿ ತರಬೇತಿಗಾಗಿ ಓಡಿಸಿದ ಟ್ಯಾಂಕುಗಳ ಜಾಡುಗಳು ಇಂದಿಗೂ ಕಾಣಿಸುತ್ತವೆ. 2009ರಲ್ಲಿ ಆಫ್ರಿಕದಿಂದ ದಕ್ಷಿಣ ಅಮೆರಿಕಕ್ಕೆ ಸ್ಥಳಾಂತರಗೊಂಡ ಡಕಾರ್ ರ್‍ಯಾಲಿ ಚಿಲಿಯ ಅಟಕಾಮ ಮರುಭೂಮಿಯಲ್ಲಿ ಪುರಾತತ್ವ ನೆಲೆಗಳನ್ನು ಹಾಳುಗೆಡವಿದುದನ್ನು ಆ ದೇಶದ ರಾಷ್ಟ್ರೀಯ ಸ್ಮಾರಕ ಮಂಡಳಿಯೇ ದಾಖಲಿಸಿತು.

ಹವ್ಯಾಸಿಗಳ ಪ್ರತಿವಾದಗಳನ್ನು ತಳ್ಳಿಹಾಕುವಂತಿಲ್ಲ. ಗಣಿ, ಅಣೆಕಟ್ಟು, ರೆಸಾರ್ಟ್ ರಸ್ತೆಗಳ ಮುಂದೆ ನಮ್ಮ ಗಾಲಿಗಳು ಎಷ್ಟರವು ಎಂದು ಅವರು ಕೇಳುತ್ತಾರೆ. ಹೋಲಿಕೆಯಲ್ಲಿ ಸತ್ಯವಿದೆ. ಆದರೆ ದೊಡ್ಡ ಗಾಯವಿದೆ ಎಂಬುದು ಸಣ್ಣ ಗಾಯ ಮಾಡಲು ಅನುಮತಿಯಾಗದು. ನೆತ್ತಿಯ ಹುಲ್ಲುಗಾವಲಿನಲ್ಲಿ ಬಿದ್ದ ಸಣ್ಣ ಕೊರಕಲು ಕೆಳಗಿನ ಒರತೆಯ ಬೇಸಿಗೆ ನೀರನ್ನು ಕಸಿಯಬಲ್ಲದು. 2018ರ ಆಗಸ್ಟಿನಲ್ಲಿ ಕೊಡಗಿನ ಭೂಕುಸಿತಗಳನ್ನು ಕಂಡವರಿಗೆ ಇಳಿಜಾರಿನಲ್ಲಿ ನೀರಿನ ದಾರಿ ಬದಲಾದರೆ ಏನಾಗುತ್ತದೆಂದು ಹೇಳಿಕೊಡಬೇಕಾಗಿಲ್ಲ.

ಜವಾಬ್ದಾರಿಯುತ ಚಾಲಕರು ಇರುವ ದಾರಿಯನ್ನು ಬಿಟ್ಟು ಹೋಗುವುದಿಲ್ಲ ಎಂಬುದು ಇನ್ನೊಂದು ವಾದ. ಅಂಥವರು ಖಂಡಿತ ಇದ್ದಾರೆ. ಹಾಗಿದ್ದರೆ ದಾರಿ ಬಿಟ್ಟು ಹೊಳೆಗೆ ಇಳಿಯುವುದನ್ನೇ ಸಾಹಸವೆಂದು ತೋರಿಸುವ ಕಾರ್ಯಕ್ರಮಗಳನ್ನು ಮೊದಲು ಖಂಡಿಸಬೇಕಾದವರು ಅವರೇ. 2022ರಲ್ಲಿ ಲಡಾಖಿನ ಪಾಂಗಾಂಗ್ ಸರೋವರದಲ್ಲಿ, 2023ರಲ್ಲಿ ಹಿಮಾಚಲದ ಚಂದ್ರಾ ನದಿಯಲ್ಲಿ ಪ್ರವಾಸಿಗರು ವಾಹನ ಇಳಿಸಿದಾಗ ದೇಶವೇ ಅವರನ್ನು ಬೈಯಿತು. ಅದೇ ದೃಶ್ಯ ಸಂಗೀತದೊಂದಿಗೆ ಪರದೆಯ ಮೇಲೆ ಬಂದಾಗ ಚಪ್ಪಾಳೆ ಸಿಗುತ್ತದೆ.

ಮಲೆನಾಡಿಗೆ ಜೀಪಿನ ಮೇಲೆ ಹಗೆಯಿಲ್ಲ. ಮಳೆಗಾಲದಲ್ಲಿ ಗಾಲಿಗೆ ಸರಪಳಿ ಕಟ್ಟಿ ಬಾಣಂತಿಯನ್ನು ಆಸ್ಪತ್ರೆಗೆ ಮುಟ್ಟಿಸಿದ್ದು ಜೀಪು, ಅಡಿಕೆ ಕಾಫಿಗಳನ್ನು ಪೇಟೆಗೆ ಒಯ್ದದ್ದು ಜೀಪು. ಕೊಡಚಾದ್ರಿಯಲ್ಲಿ, ಮಾಂದಲಪಟ್ಟಿಯಲ್ಲಿ ಎಷ್ಟೋ ಮನೆಗಳಿಗೆ ಅದೇ ಅನ್ನ. ಆ ಚಾಲಕರು ಗೊತ್ತಾದ ದಾರಿಯಲ್ಲಿ ಹೋಗುತ್ತಾರೆ, ಏಕೆಂದರೆ ನಾಳೆಯೂ ಅವರಿಗೆ ಅದೇ ದಾರಿ ಬೇಕು. ಸಾಹಸಿಗೆ ಆ ದಾರಿಯ ನಾಳೆ ಬೇಕಿಲ್ಲ. ಕಾರ್ಯಕ್ರಮಗಳಲ್ಲಿ ಹಳ್ಳಿಗರು ಕಾಣಿಸಿಕೊಳ್ಳುವುದು ಹಗ್ಗ ಎಳೆಯುವ ಕೈಗಳಾಗಿ, ಕೈಬೀಸುವ ಮಕ್ಕಳಾಗಿ. ಹದಗೆಟ್ಟ ದಾರಿಯಲ್ಲಿ ಮರುದಿನ ಹಾಲಿನ ಕ್ಯಾನು ಹೊತ್ತು ಜಾರುವವರು ಅದೇ ಜನ. ಆ ಮರುದಿನದ ಚಿತ್ರೀಕರಣ ನಡೆಯುವುದಿಲ್ಲ.

ಗ್ರಾಮಸಭೆಗಳು ಕೇಳಬೇಕಾದುದು ಕಷ್ಟದ್ದೇನಲ್ಲ. ಮಳೆಗಾಲದಲ್ಲಿ ಬೆಟ್ಟದ ಮೇಲೆ ಸ್ಪರ್ಧೆಯೂ ಚಿತ್ರೀಕರಣವೂ ಬೇಡ. ಉಳಿದ ಕಾಲದಲ್ಲಿ ಇರುವ ರಸ್ತೆಯ ಆಚೆಗೆ ಗಾಲಿ ಇಳಿಯಬಾರದು. ರಸ್ತೆ ದುರಸ್ತಿಗೆ ಠೇವಣಿ ಮೊದಲೇ ಇಡಬೇಕು, ಅದು ಹಿಂತಿರುಗುವುದು ಮುಂದಿನ ಮುಂಗಾರು ಮುಗಿದು ಊರವರು ನೆಲ ನೋಡಿ ಒಪ್ಪಿದ ಮೇಲೆ. ಶಾಲಾ ಕಾಲೇಜುಗಳ ವಿದ್ಯಾರ್ಥಿಗಳು ಒಂದೇ ಇಳಿಜಾರನ್ನು ಮಳೆಗೆ ಮುನ್ನ ಮತ್ತು ಮಳೆಯ ನಂತರ ಅದೇ ಜಾಗದಿಂದ ಚಿತ್ರ ತೆಗೆದಿಡಲಿ, ಕೊರಕಲಿನ ಆಳವನ್ನು ಕೋಲಿನಿಂದ ಅಳೆದು ಬರೆದಿಡಲಿ. ಟೆಲಿವಿಷನ್ ತೋರಿಸದ ಕಂತು ಅದು. ಗ್ರಾಮಸಭೆಯ ಮುಂದೆ ಇಡಬೇಕಾದ ಸಾಕ್ಷಿಯೂ ಅದೇ.